ಢೋಲಕ್ಕನ್ನು ಓಡಿಸಿ ಡಿಜೆಯನ್ನು ಕರೆತಂದವರು

ರಜಬ್ ಮತ್ತು ಶಾಬಾನ್ ತಿಂಗಳುಗಳೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಮದುವೆಗಳ ಸುಗ್ಗಿ. ರಮಝಾನ್ ಬರುವ ಮೊದಲೇ ಮಗಳ ಮದುವೆ ಮುಗಿಸಿಬಿಡಬೇಕೆಂಬ ಆತುರ ತಂದೆ ತಾಯಿಯರಿಗೆ. ಈಚಿನ ವರ್ಷಗಳಲ್ಲಿ ಈ ತಿಂಗಳುಗಳು ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಬೀಳುತ್ತಿರುವುದರಿಂದ ತಂಬಾಕು ಹರಾಜಿನ ಹಣವೂ ಪೇಟೆಯಲ್ಲಿ ಓಡಾಡುತ್ತಿರುತ್ತದೆ. ಈ ದಿನಗಳಲ್ಲಿ ನೀವು ಇಲ್ಲಿನ ಕೆಲವು ಮಸೀದಿಗಳಿಗೆ ಹೋದರೆ ಚಪ್ಪಲಿ ಬಿಡುವ ಜಾಗದ ಮೇಲ್ಗಡೆ ಒಂದು ಸೂಚನಾ ಫಲಕ ಕಾಣುತ್ತೀರಿ. ಮದುವೆಯಲ್ಲಿ ಬ್ಯಾಂಡ್, ಡಿಜೆ, ಹಾಡು, ಢೋಲಕ್, ಪಟಾಕಿ ಇದ್ದರೆ ಇಮಾಮರು ನಿಕಾಹ್ ಓದುವುದಿಲ್ಲ, ಜಮಾಅತಿನವರು ಊಟಕ್ಕೆ ಬರುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ನಾವು ಓದಿದ ಒಂದು ಫಲಕದಲ್ಲಿ ದಂಡದ ಮೊತ್ತವನ್ನೂ ನಮೂದಿಸಿದ್ದರು.

ಅದೇ ಮೊಹಲ್ಲಾಕ್ಕೆ ಮದುವೆಯ ಹಿಂದಿನ ರಾತ್ರಿ ಹೋಗಿ ನೋಡಿ. ಪಿಕಪ್ ಗಾಡಿಯ ಬೆನ್ನ ಮೇಲೆ ಆಳೆತ್ತರದ ಪೆಟ್ಟಿಗೆಗಳು ಕುಳಿತಿವೆ. ಮನೆಗಳ ಶೀಟು ಗಡಗಡ ನಡುಗುತ್ತಿದೆ. ಹುಡುಗರು ಬನಿಯನ್ ಒದ್ದೆಯಾಗುವಂತೆ ಕುಣಿಯುತ್ತಿದ್ದಾರೆ. ಕಮಿಟಿಯ ಸದಸ್ಯರು ಎಲ್ಲಿ ಎಂದು ಕೇಳಿದರೆ, ಅವರು ಒಳಗೆ ಬಿರಿಯಾನಿಯ ಹಂಡೆಯ ಬಳಿ ಅಕ್ಕಿಯ ಲೆಕ್ಕ ನೋಡುತ್ತಿದ್ದಾರೆ. ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಸೀದಿಯಲ್ಲಿ ಗಂಭೀರವಾಗಿ ನಿಕಾಹ್ ನಡೆಯುತ್ತದೆ, ಖರ್ಜೂರ ಹಂಚಲಾಗುತ್ತದೆ. ಫಲಕಕ್ಕೆ ಭಂಗವೇನೂ ಬಂದಿಲ್ಲ! ಏಕೆಂದರೆ, ನಮಗೆ ಒಬ್ಬ ಮುತವಲ್ಲಿ ವಿವರಿಸಿದಂತೆ, "ಅದು ನಿನ್ನೆಯದು, ಇದು ಇವತ್ತಿನದು."

ಈ ಲೇಖನ ಡಿಜೆಯ ಪರವಾಗಿ ಬರೆದದ್ದಲ್ಲ. ಆ ಫಲಕದ ಪರವಾಗಿಯೂ ಅಲ್ಲ. ಇವೆರಡೂ ಪರಸ್ಪರ ಶತ್ರುಗಳೆಂದು ನಮ್ಮ ಸಮುದಾಯ ನಂಬಿದೆ. ನಮಗೆ ಹಾಗನಿಸುವುದಿಲ್ಲ. ಇವೆರಡೂ ಕೂಡಿ ಮೂರನೆಯದೊಂದರ ಕತ್ತು ಹಿಸುಕಿವೆ. ಅದು ಮನೆಯ ಹೆಂಗಸರ ಹಾಡು.

ಈಗ ಐವತ್ತು ದಾಟಿದವರಿಗೆ ನೆನಪಿರಬಹುದು. ಮದುವೆಗೆ ನಾಲ್ಕೈದು ದಿನ ಇರುವಾಗಲೇ ಫುಪ್ಪು, ಖಾಲಾ, ಚಾಚಿಯರು ಮಕ್ಕಳು ಮರಿಗಳೊಂದಿಗೆ ಬಂದಿಳಿಯುತ್ತಿದ್ದರು. ಹಗಲೆಲ್ಲಾ ಅಕ್ಕಿ ಆರಿಸುವುದು, ಬೆಳ್ಳುಳ್ಳಿ ಬಿಡಿಸುವುದು. ಇಶಾ ನಮಾಝ್ ಮುಗಿದು ಗಂಡಸರು ಜಗಲಿಗೆ ಹೋದ ಮೇಲೆ ಒಳಮನೆಯಲ್ಲಿ ಚಾಪೆ ಹಾಸಿ ಢೋಲಕ್ ಹೊರತೆಗೆಯುತ್ತಿದ್ದರು. ಒಬ್ಬಳು ಬಾರಿಸುವವಳು, ಅವಳೆದುರು ಕುಳಿತು ಢೋಲಕ್ಕಿನ ಮರದ ಮೈಗೆ ಚಮಚದಿಂದ ತಾಳ ಹಾಕುವವಳು ಇನ್ನೊಬ್ಬಳು. ಢೋಲಕ್ ಇಲ್ಲದ ಬಡವರ ಮನೆಯಲ್ಲಿ ತಾಮ್ರದ ಬಿಂದಿಗೆಯೋ ಬೋರಲು ಹಾಕಿದ ಪಾತ್ರೆಯೋ ಆ ಕೆಲಸ ಮಾಡುತ್ತಿತ್ತು. ಹಳದಿ ಹಚ್ಚುವಾಗ ಒಂದು ಹಾಡು, ಮೆಹಂದಿಗೆ ಒಂದು, ಜಲ್ವಾಕ್ಕೆ ಒಂದು, ಮಗಳನ್ನು ಕಳಿಸಿಕೊಡುವಾಗ ಒಂದು. ಬೀಗಿತ್ತಿಯನ್ನು, ಅಂದರೆ ಸಮ್‌ಧನ್‌ಳನ್ನು ಗೇಲಿ ಮಾಡುವ ಹಾಡುಗಳಿಗಂತೂ ಲೆಕ್ಕವೇ ಇರಲಿಲ್ಲ. ಅವಳ ಮೂಗು, ಅವಳ ಜಿಪುಣತನ, ಅವಳು ತಂದ ಸೀರೆಯ ಬಣ್ಣ ಎಲ್ಲವೂ ಹಾಡಿಗೆ ಬರುತ್ತಿದ್ದವು. ಪಕ್ಕದ ಮನೆಯ ಒಕ್ಕಲಿಗರ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿ ನಗುತ್ತಿದ್ದರು. ಏಕೆಂದರೆ ಅವರಲ್ಲೂ ಬೀಗರ ಹಾಡುಗಳಿದ್ದವು. ನಮ್ಮವರ ದಖ್ನಿಯಲ್ಲಿ ಅರ್ಧಕ್ಕರ್ಧ ಕನ್ನಡವೇ ಬೆರೆತಿದ್ದುದರಿಂದ ಅರ್ಥಕ್ಕೂ ತೊಂದರೆ ಇರಲಿಲ್ಲ.

ಇದು ಬರೀ ಕಾಲಹರಣವಾಗಿತ್ತು ಎನ್ನುವವರು ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಗ್ರಂಥ ಪ್ರಕಟಿಸಿದ ಚರಿತ್ರಕಾರ ರಿಚರ್ಡ್ ಈಟನ್, ಅಲ್ಲಿನ ಸೂಫಿ ಪರಂಪರೆ ಹೆಂಗಸರ ಬಾಯಿಗೆಂದೇ ದಖ್ನಿಯಲ್ಲಿ ಹಾಡು ಕಟ್ಟಿದ್ದನ್ನು ತೋರಿಸಿದ್ದಾರೆ. ಬೀಸುಕಲ್ಲಿಗೆ ಚಕ್ಕೀನಾಮಾ, ನೂಲುವಾಗ ಚರಖಾನಾಮಾ, ತೊಟ್ಟಿಲಿಗೆ ಲೋರಿನಾಮಾ, ಮದುವೆಗೆ ಶಾದಿನಾಮಾ. ಕರ್ನಾಟಕದ ಸಾಮಾನ್ಯ ಮುಸ್ಲಿಮ್ ಮನೆಗೆ ಅಲ್ಲಾಹನ ಹೆಸರು, ಪ್ರವಾದಿಯವರ(ಸ) ಹೆಸರು ಗ್ರಂಥಗಳ ಮೂಲಕ ಬಂದದ್ದು ಎಷ್ಟೋ, ಬೀಸುಕಲ್ಲಿನ ಹಾಡಿನ ಮೂಲಕ ಬಂದದ್ದೂ ಅಷ್ಟೇ. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಶರೀಫರ ಕಾನೂನೆ ಇಸ್ಲಾಮ್ ಎಂಬ ಕೃತಿ ದಕ್ಷಿಣ ಭಾರತದ ಮುಸ್ಲಿಮರ ಮದುವೆಯ ವಿಧಿಗಳನ್ನು ಒಂದೊಂದಾಗಿ ವರ್ಣಿಸುತ್ತದೆ. ಮದುಮಗನನ್ನು ರಾತ್ರಿ ಮೆರವಣಿಗೆಯಲ್ಲಿ ಕರೆದೊಯ್ಯುವ ಶಬ್‌ಗಸ್ತ್ ಅದರಲ್ಲಿದೆ, ವಾದ್ಯದವರೂ ಇದ್ದಾರೆ. ಅದರಲ್ಲಿ ದುಂದು ಇತ್ತು, ಮೌಢ್ಯವೂ ಇತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಳೆ ಕೀಳಲು ಹೋದವರು ಪೈರನ್ನೇ ಕಿತ್ತರು.

ಕಿತ್ತವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮದುವೆಗೆಂದು ಹೊಲ ಒತ್ತೆ ಇಟ್ಟವರನ್ನು, ಸಾಲಕ್ಕೆ ಹೆದರಿ ಊರು ಬಿಟ್ಟವರನ್ನು ಕಂಡ ಉಲಮಾಗಳು ಸರಳ ನಿಕಾಹ್‌ನ ಮಾತೆತ್ತಿದರು. ಅದು ಸರಿಯಾದ ಮಾತೇ. ಆದರೆ ಸರಳತೆಯ ಹೆಸರಿನಲ್ಲಿ ಮೊದಲು ಹೊರಟುಹೋದದ್ದು ಯಾವುದು? ಮೂರು ಬಗೆಯ ಸಿಹಿಯೇ? ಅಲ್ಲ. ಶಾದಿಮಹಲಿನ ಬಾಡಿಗೆಯೇ? ಅಲ್ಲ. 'ಜೋಡೇ ಕಿ ರಖಮ್' ಎಂಬ ಮರ್ಯಾದಸ್ಥ ಹೆಸರಿನ ವರದಕ್ಷಿಣೆಯೇ? ಖಂಡಿತಾ ಅಲ್ಲ. ಮೊದಲು ಹೊರಟುಹೋದದ್ದು ಒಂದು ಕಾಸೂ ಖರ್ಚಿಲ್ಲದ ಢೋಲಕ್ಕು. ಏಕೆಂದರೆ ಅದನ್ನು ಬಾರಿಸುತ್ತಿದ್ದವರು ಹೆಂಗಸರು, ಅವರು ಕಮಿಟಿಯಲ್ಲಿ ಇರಲಿಲ್ಲ. ವರದಕ್ಷಿಣೆ ಪಡೆಯುತ್ತಿದ್ದವರು ಗಂಡಸರು, ಅವರು ಕಮಿಟಿಯಲ್ಲಿ ಇದ್ದರು.

ಇಲ್ಲಿ ನಾವು ಸ್ವಲ್ಪ ಕಟುವಾಗಿಯೇ ಕೇಳಬೇಕಾಗಿದೆ. 1961ರಿಂದ ಈ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. ಅದಕ್ಕಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಮಹ್ರ್ ಕೊಡಬೇಕಾದವನು ಗಂಡು ಎಂದು ಕುರ್‌ಆನ್ ಆಜ್ಞಾಪಿಸಿದೆ. ಹೀಗಿರುವಾಗ ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಫಲಕಗಳು ಜೋಡೇ ಕಿ ರಖಮ್ ತೆಗೆದುಕೊಂಡವನ ನಿಕಾಹ್ ಓದುವುದಿಲ್ಲ ಎಂದು ಸಾರಿವೆ? ನಾವು ಹುಡುಕಿದೆವು. ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ಮೋಟರ್ ಬೈಕು, ಕಪಾಟು, ಮಂಚ ಹೊತ್ತ ಟೆಂಪೊ ಮಸೀದಿಯ ಮುಂದೆಯೇ ಹಾದುಹೋಗುವಾಗ ತಡೆಯದ ಕೈ ಅಜ್ಜಿಯ ತೊಡೆಯ ಮೇಲಿನ ಢೋಲಕ್ಕನ್ನು ಕಿತ್ತುಕೊಂಡಿತಲ್ಲ, ಇದು ಯಾವ ಸುಧಾರಣೆ?

ಇನ್ನು ಧರ್ಮದ ಮಾತು. ನಾವು ಮುಫ್ತಿಗಳಲ್ಲ. ಆದರೆ ಬುಖಾರಿಯನ್ನು ಓದುವ ಹಕ್ಕು ಮುಫ್ತಿಗಳಿಗಷ್ಟೇ ಇರುವುದಲ್ಲ. ರುಬಯ್ಯಿಅ್ ಬಿಂತ್ ಮುಅವ್ವಿಝ್(ರ) ಅವರ ಮದುವೆಯ ಮರುದಿನ ಪ್ರವಾದಿವರ್ಯರು(ಸ) ಅವರ ಮನೆಗೆ ಬಂದು ಕುಳಿತರು. ಹುಡುಗಿಯರು ದಫ್ಫ್ ಬಾರಿಸುತ್ತಾ ಬದ್ರ್‌ನಲ್ಲಿ ಮಡಿದ ಹಿರಿಯರನ್ನು ಕುರಿತು ಹಾಡುತ್ತಿದ್ದರು. ಪ್ರವಾದಿಯವರನ್ನು ಕಂಡ ಒಬ್ಬಳು, ನಾಳೆ ಆಗುವುದನ್ನು ಬಲ್ಲ ಪ್ರವಾದಿ ನಮ್ಮ ನಡುವೆ ಇದ್ದಾರೆಂಬ ಅರ್ಥದ ಸಾಲೊಂದನ್ನು ಸೇರಿಸಿದಳು. ಅವರು ಆ ಸಾಲನ್ನು ಬಿಡಲು ಹೇಳಿದರು, ಮೊದಲು ಹಾಡುತ್ತಿದ್ದುದನ್ನೇ ಮುಂದುವರಿಸಲು ಹೇಳಿದರು. ಇದನ್ನು ನಾವು ಎಷ್ಟು ಸಲ ಯೋಚಿಸಿದರೂ ಸಾಲದು. ಹಾಡಿನಲ್ಲಿ ತಪ್ಪು ಕಂಡಾಗ ಅವರು ತಿದ್ದಿದ್ದು ಒಂದು ಸಾಲನ್ನು. ದಫ್ಫನ್ನು ಹರಿಯಲಿಲ್ಲ, ಹುಡುಗಿಯರನ್ನು ಎಬ್ಬಿಸಿ ಕಳಿಸಲಿಲ್ಲ, ದಂಡ ಹಾಕಲಿಲ್ಲ.

ಇನ್ನೊಂದು ಸಲ ಆಯಿಶಾ(ರ) ಅವರು ಮದುಮಗಳೊಬ್ಬಳನ್ನು ಅನ್ಸಾರ್ ವರನ ಮನೆಗೆ ಕಳಿಸಿಕೊಟ್ಟಾಗ, ಮನರಂಜನೆ ಏನೂ ಇರಲಿಲ್ಲವೇ, ಅನ್ಸಾರರಿಗೆ ಅದು ಇಷ್ಟವಲ್ಲವೇ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಇದೂ ಬುಖಾರಿಯಲ್ಲೇ ಇದೆ. ಅನ್ಸಾರರು ಮದೀನಾದವರು. ಮಕ್ಕಾದವರ ರೀತಿ ಬೇರೆ, ಇವರ ರೀತಿ ಬೇರೆ. ಪ್ರತಿ ಊರಿನವರಿಗೂ ಅವರದೇ ಆದ ಸಂತೋಷದ ರೀತಿಯಿದೆ ಎಂಬ ತಿಳಿವಳಿಕೆ ಆ ಪ್ರಶ್ನೆಯಲ್ಲಿದೆ. ಗುಟ್ಟಿನ ಸಂಬಂಧಕ್ಕೂ ನಿಕಾಹ್‌ಗೂ ಇರುವ ವ್ಯತ್ಯಾಸವೇ ದಫ್ಫ್ ಮತ್ತು ದನಿ ಎಂಬ ಅರ್ಥದ ಹದೀಸನ್ನು ತಿರ್ಮಿಝಿ ದಾಖಲಿಸಿದ್ದಾರೆ.

ನಮ್ಮ ಮೌಲಾನಾಗಳು ಇದಕ್ಕೆ ಕೊಡುವ ಉತ್ತರಗಳನ್ನು ನಾವು ಕೇಳಿದ್ದೇವೆ. ವಾದ್ಯಗಳನ್ನು ಹಲಾಲ್ ಎಂದುಕೊಳ್ಳುವ ಜನ ಮುಂದೆ ಬರುತ್ತಾರೆಂದು ಎಚ್ಚರಿಸುವ ಹದೀಸ್ ಕೂಡ ಬುಖಾರಿಯಲ್ಲೇ ಇದೆಯಲ್ಲ ಎನ್ನುತ್ತಾರೆ. ಹೌದು, ಇದೆ. ಆದರೆ ಅದರಲ್ಲಿ ವಾದ್ಯದ ಜೊತೆ ವ್ಯಭಿಚಾರ ಮತ್ತು ಮದ್ಯದ ಮಾತೂ ಇದೆ. ಅದರ ವರದಿ ಸರಣಿಯ ಬಗ್ಗೆ ಇಬ್ನ್ ಹಝ್ಮ್ ಎತ್ತಿದ ಆಕ್ಷೇಪ, ಅದಕ್ಕೆ ಇಬ್ನ್ ಹಜರ್ ಕೊಟ್ಟ ಉತ್ತರ ಎರಡೂ ವಿದ್ವಾಂಸರಿಗೆ ಗೊತ್ತಿರುವ ಸಂಗತಿ. ಇಮಾಮ್ ಗಝಾಲಿ ತಮ್ಮ ಇಹ್ಯಾದಲ್ಲಿ ಸಂಗೀತ ಕೇಳುವುದರ ಕುರಿತು ಒಂದು ಇಡೀ ಭಾಗವನ್ನೇ ಬರೆದರು. ಯಾವ ಹಾಡು, ಯಾರ ಮುಂದೆ, ಯಾವ ಮನಸ್ಸಿನಿಂದ ಎಂದು ಬಿಡಿಸಿ ಬಿಡಿಸಿ ನೋಡಿದರು. ಸಾವಿರ ವರ್ಷ ಜ್ಞಾನಿಗಳು ವಾದಿಸಿಯೂ ಮುಗಿಸದ ವಿಷಯವನ್ನು ನಮ್ಮ ಮೊಹಲ್ಲಾದ ಕಮಿಟಿ ಒಂದು ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಮುಗಿಸಿ ಫಲಕ ಬರೆಸಿತು!

ದಫ್ಫ್ ಸರಿ, ಢೋಲಕ್ ಸರಿಯಲ್ಲ ಎನ್ನುವ ವಾದವೂ ಉಂಟು. ದಫ್ಫ್‌ಗೆ ಒಂದೇ ಮುಖ, ಢೋಲಕ್‌ಗೆ ಎರಡು. ಹದೀಸಿನಲ್ಲಿ ನಿಷೇಧಿಸಲಾದ 'ಕೂಬಾ' ಎಂದರೆ ಎರಡು ಮುಖದ ಚರ್ಮವಾದ್ಯ ಎನ್ನುತ್ತಾರೆ. ಆ ಪದಕ್ಕೆ ಪಗಡೆಯಂಥ ಆಟವೆಂದು ಅರ್ಥ ಹೇಳಿದವರೂ ಇದ್ದಾರೆ, ನಡು ಸಣ್ಣಗಿರುವ ಡೋಲು ಎಂದವರೂ ಇದ್ದಾರೆ. ನಮ್ಮ ಢೋಲಕ್ಕಿನ ನಡುವೋ ಅದನ್ನು ಬಾರಿಸುವ ಖಾಲಾರ ನಡುವಿನಂತೆ ದಪ್ಪ. ತಮಾಷೆಗೆ ಹೇಳಿದೆವು, ಕ್ಷಮಿಸಿ. ಆದರೆ ಮುಖದ ಲೆಕ್ಕದಲ್ಲಿ ಧರ್ಮವನ್ನು ಅಳೆಯುವವರು ಡಿಜೆಯ ಪೆಟ್ಟಿಗೆಗೆ ಎಷ್ಟು ಮುಖ ಎಂಬುದನ್ನೂ ಹೇಳಿಬಿಡಲಿ.

ಹೆಣ್ಣಿನ ದನಿ ಪರಪುರುಷರ ಕಿವಿಗೆ ಬೀಳಬಾರದೆನ್ನುವವರೂ ಇದ್ದಾರೆ. ಒಳಮನೆಯಲ್ಲಿ ಹೆಂಗಸರು ಹೆಂಗಸರಿಗಾಗಿ ಹಾಡುತ್ತಿದ್ದ ಹಾಡಿಗೆ ಈ ಆಕ್ಷೇಪ ಹೇಗೆ ತಗಲುತ್ತದೋ ನಮಗೆ ತಿಳಿಯದು. ಈಗ ನೋಡಿ, ಯಾವಳೋ ಸಿನಿಮಾ ಗಾಯಕಿಯ ದನಿ ಹೆಬ್ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ ಮೊಳಗುತ್ತಿದೆ. ನಮ್ಮ ಮನೆಯ ಹೆಂಗಸರು ಕಿಟಕಿಯ ಸರಳು ಹಿಡಿದು ನಿಂತು, ಕುಣಿಯುವ ಗಂಡಸರನ್ನು ನೋಡುತ್ತಿದ್ದಾರೆ. ಹಾಡುತ್ತಿದ್ದವರನ್ನು ನೋಡುವವರನ್ನಾಗಿ ಮಾಡಿ ಅದನ್ನು ಪರದಾ ಎಂದು ಕರೆದದ್ದಷ್ಟೇ ನಮ್ಮ ಸಾಧನೆ.

ಡಿಜೆ ಬಂದದ್ದು ಹೀಗೆ. ಮದುವೆಯೆಂದರೆ ದನಿ ಬೇಕು, ಅದು ಮನುಷ್ಯನ ಸ್ವಭಾವ. ಮನೆಯೊಳಗಿನ ದನಿ ಪಾಪವೆಂದಾದ ಮೇಲೆ ಬಾಡಿಗೆಯ ದನಿ ಬಂತು. ಮನೆಯ ಹಾಡಿಗೆ ಅಜ್ಜಿಯ ಅಂಕೆ ಇತ್ತು, ಒರಟಾದ ಸಾಲು ಬಂದರೆ ಅವಳೇ ಕಣ್ಣು ಬಿಡುತ್ತಿದ್ದಳು. ಬಾಡಿಗೆಯದಕ್ಕೆ ಯಾರ ಅಂಕೆ? ಡಿಜೆ ತರಿಸಿದ ಹುಡುಗರಿಗೂ ನಾವು ಎರಡು ಮಾತು ಹೇಳಬೇಕು. ಗಣೇಶನ ಮೆರವಣಿಗೆಗೆ ಮುಂಚೆ ಪೊಲೀಸ್ ಠಾಣೆಯಲ್ಲಿ ಶಾಂತಿ ಸಮಿತಿ ಸಭೆ ಕರೆದಾಗ, ಮಸೀದಿಯ ಮುಂದೆ ವಾದ್ಯ ನಿಲ್ಲಿಸಬೇಕೆಂದು ಕೇಳುವವರು ನಮ್ಮ ಮುಖಂಡರು. ಆ ಬೇಡಿಕೆಗೆ ನ್ಯಾಯವಿದೆ. ಆದರೆ ಇಶಾದ ಜಮಾಅತ್ ನಡೆಯುವಾಗಲೇ ನಮ್ಮದೇ ಮದುಮಗನ ಗಾಡಿ ಅದೇ ಮಸೀದಿಯ ಮುಂದೆ ನಿಂತು ಗುಡುಗಿದರೆ, ಮುಂದಿನ ಸಭೆಯಲ್ಲಿ ನಾವು ಯಾವ ಮುಖ ಹೊತ್ತು ಕೂರುವುದು? ಪಕ್ಕದ ಮನೆಯಲ್ಲಿ ಪಿಯುಸಿ ಪರೀಕ್ಷೆಗೆ ಓದುತ್ತಿರುವ ಮಗು ಲಿಂಗಾಯತರದ್ದಿರಬಹುದು, ದಲಿತರದ್ದಿರಬಹುದು, ನಮ್ಮದೇ ಇರಬಹುದು. ನೆರೆಯವನನ್ನು ನೋಯಿಸಬೇಡಿ ಎಂಬ ಪ್ರವಾದಿಯವರ(ಸ) ಮಾತಿನ ಬಗ್ಗೆ ಯಾವ ಪಂಥದವರಿಗೂ ಭಿನ್ನಾಭಿಪ್ರಾಯವಿಲ್ಲ.

ಕಾನೂನೂ ಸ್ಪಷ್ಟವಾಗಿಯೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. 2005ರಲ್ಲಿ ಸುಪ್ರೀಮ್ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಆನೆ ಓಡಿಸಲು ಜನ ತಗಡು ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ. ಆನೆ ಬೆದರುವ ಸದ್ದನ್ನು ಬೀಗರಿಗೆ ಸ್ವಾಗತವೆಂದು ಕೊಡುವವರಿಗೆ ಏನು ಹೇಳುವುದು!

ಈ ಗದ್ದಲದಲ್ಲಿ ಬ್ಯಾಂಡ್‌ಸೆಟ್ಟಿನವರ ಹೊಟ್ಟೆಪಾಡು ಕೂಡ ಹೋಯಿತು. ಕ್ಲಾರಿಯೊನೆಟ್ ಊದುತ್ತಿದ್ದ, ಡ್ರಮ್ ಬಾರಿಸುತ್ತಿದ್ದ ಬಡ ಮುಸ್ಲಿಮರು, ದಲಿತರು ಒಂದೇ ಕೆಂಪು ಕೋಟು ತೊಟ್ಟು ಒಂದೇ ಟೆಂಪೊದಲ್ಲಿ ಊರೂರು ತಿರುಗುತ್ತಿದ್ದುದನ್ನು ಕಂಡಿದ್ದೇವೆ. ಫಲಕ ಅವರನ್ನು ಒಂದು ಕಡೆಯಿಂದ ಹೊಡೆಯಿತು, ಡಿಜೆ ಇನ್ನೊಂದು ಕಡೆಯಿಂದ.

ಈ ಕಥೆ ನಮ್ಮೊಬ್ಬರದೇ ಅಲ್ಲ. ಕೆ.ಆರ್. ನಗರದ ಕಡೆಯ ಹಿಂದೂ ಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದ ಮುತ್ತೈದೆಯರೂ ಕಡಿಮೆಯಾಗಿದ್ದಾರೆ. ಅಲ್ಲಿ ಹರಾಮ್ ಎಂದವರು ಯಾರೂ ಇಲ್ಲ. ನಾಚಿಕೆ, ಮೈಕು, ಛತ್ರದ ಅವಸರ ಇಷ್ಟೇ ಸಾಕಾಯಿತು. ಆದರೂ ಧಾರೆಯ ಹೊತ್ತಿಗೆ ಅವರು ವಾಲಗದವರನ್ನು ಕರೆಸುತ್ತಾರೆ, ಇಲ್ಲವೇ ಶಹನಾಯಿಯ ಧ್ವನಿಮುದ್ರಿಕೆ ಹಾಕುತ್ತಾರೆ. ಎಷ್ಟೋ ಛತ್ರಗಳಲ್ಲಿ ಆ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದ್ದು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರರ ತುಟಿಯ ಶಹನಾಯಿಗೆ ನಾದ ಕೊಟ್ಟವರು ಅವರೇ. ಅವರಿಗೆ 2001ರಲ್ಲಿ ಭಾರತರತ್ನ ಬಂತು, 2006ರಲ್ಲಿ ತೀರಿಕೊಂಡರು. ನಮಾಝ್ ಬಿಡದ ಆ ಮನುಷ್ಯನ ಉಸಿರಿನಿಂದ ಪರರ ಮಗಳ ಮದುವೆ ಮಂಗಳವಾಗುತ್ತದೆ. ನಮ್ಮ ಮಗಳ ಮದುವೆಗೆ ಮಾತ್ರ ಅದು ನಿಷಿದ್ಧ!

ಬಾವಲಿ ಚೆಕ್‌ಪೋಸ್ಟ್ ದಾಟಿ ಮಾನಂದವಾಡಿಗೆ ಹೋಗಿ ನೋಡಿ. ಕೋಟೆಯವರಿಗೆ ಅದೇನು ದೂರವಲ್ಲ. ಅಲ್ಲಿನ ಮಾಪ್ಪಿಳರೂ ನಮ್ಮ ಕಲಿಮಾವನ್ನೇ ಹೇಳುವವರು. ಮದುಮಗಳನ್ನು ನಡುವೆ ಕೂರಿಸಿ ಗೆಳತಿಯರು ಕೈ ತಟ್ಟುತ್ತಾ ಹಾಡುವ ಒಪ್ಪನ ಅಲ್ಲಿ ಉಳಿದಿದೆ. ಒಪ್ಪನ, ದಫ್ಫ್ ಮುಟ್ಟ್, ಕೋಲ್ಕಳಿ ಇವೆಲ್ಲಾ ಕೇರಳದ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿವೆ, ಹಿಂದೂ ಕ್ರೈಸ್ತ ಮಕ್ಕಳೂ ಕಲಿತು ಬಹುಮಾನ ಗೆಲ್ಲುತ್ತಾರೆ. ಅಲ್ಲೂ ವಿರೋಧಿಸುವ ಉಲಮಾಗಳಿದ್ದಾರೆ. ಆದರೆ ತಮ್ಮ ಹಾಡು ತಮ್ಮದು ಎಂಬ ಅಭಿಮಾನವೂ ಇದೆ. ನಮ್ಮಲ್ಲಿ ಬ್ಯಾರಿಗಳಿಗೆ 2007ರಲ್ಲಿ ಸಾಹಿತ್ಯ ಅಕಾಡೆಮಿಯೇ ಸಿಕ್ಕಿತು. ಮೈಸೂರು ಸೀಮೆಯ ದಖ್ನಿ ಹೆಂಗಸರ ಹಾಡಿಗೆ ಮಾತ್ರ ಉರ್ದುವಿನ ದೊಡ್ಡ ಮನೆಯಲ್ಲಿ ಮುಜುಗರದ ಸ್ಥಾನ. ಶುದ್ಧ ಉರ್ದುವಿನ ಸೇಹರಾ ಓದಿಸಿದರೆ ಘನತೆ, ಅಜ್ಜಿಯ ದಖ್ನಿ ಎಂದರೆ ಗಾವಿಲತನ. 2013ರಲ್ಲಿ ರಾಜ್ಯ ಸರಕಾರ ಅಲ್ಪಸಂಖ್ಯಾತರ ಹೆಣ್ಣುಮಕ್ಕಳ ಮದುವೆಗೆ ಐವತ್ತು ಸಾವಿರ ರೂಪಾಯಿಯ ಯೋಜನೆ ತಂದು ಅದಕ್ಕೆ 'ಬಿದಾಯಿ' ಎಂದು ಹೆಸರಿಟ್ಟಿತ್ತು. ಅರ್ಜಿ ಹಿಡಿದು ಸಾಲು ನಿಂತವರಲ್ಲಿ ಬಿದಾಯಿಯ ಹಾಡು ಬಲ್ಲವರು ಎಷ್ಟು ಮಂದಿಯಿದ್ದರೋ!

ಕಮಿಟಿಯವರಲ್ಲಿ ನಮ್ಮ ಒತ್ತಾಯ ಇಷ್ಟೇ. ಮುಂದಿನ ಶಾಬಾನ್ ಬರುವುದರೊಳಗೆ ಆ ಫಲಕವನ್ನು ಇಳಿಸಿ ಮತ್ತೆ ಬರೆಸಿ. ಜೋಡೇ ಕಿ ರಖಮ್ ಪಡೆದವನ ನಿಕಾಹ್ ಓದುವುದಿಲ್ಲ ಎಂಬುದು ಮೊದಲ ಸಾಲಾಗಲಿ. ಡಿಜೆ ಬೇಡ ಎಂಬುದು ಎರಡನೆಯದಾಗಲಿ. ಅದು ಹಿಂದಿನ ರಾತ್ರಿಗೂ ಅನ್ವಯಿಸಲಿ, ಮುತವಲ್ಲಿಯ ಮಗನಿಗೂ ಅನ್ವಯಿಸಲಿ. ಢೋಲಕ್ ಎಂಬ ಪದವನ್ನು ಅಳಿಸಿಬಿಡಿ. ಬರೆಸುವ ಮೊದಲು ಮೊಹಲ್ಲಾದ ಹೆಂಗಸರನ್ನು ಒಂದು ಸಲ ಕೇಳಿ, ಮದುವೆ ಅವರದ್ದೂ ಹೌದು. ಮದರಸಾಗಳಲ್ಲಿ ಹುಡುಗಿಯರಿಗೆ ನಅತ್ ಕಲಿಸುವ ಆಪಾಗಳು, ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಎಪ್ಪತ್ತು ದಾಟಿದ ಅಜ್ಜಿಯರ ಮುಂದೆ ಮೊಬೈಲ್ ಇಟ್ಟು ಹಾಡಿಸಲಿ. ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ. ಆದರೆ ತಡ ಮಾಡುವಂತಿಲ್ಲ.

ಹುಣಸೂರಿನ ಒಂದು ಮನೆಯಲ್ಲಿ ನಾವು ಹಾಗೆಯೇ ಕೇಳಿದೆವು. ಆ ದಾದಿಗೆ ಎಂಬತ್ತರ ಹತ್ತಿರ. ಒಂದು ಕಾಲದಲ್ಲಿ ಸುತ್ತಲಿನ ಊರುಗಳ ಮದುವೆಗೆಲ್ಲಾ ಅವರನ್ನು ಕರೆಸುತ್ತಿದ್ದರಂತೆ. ಮೊದಲು ನಕ್ಕರು, ಮರೆತುಹೋಯಿತು ಎಂದರು. ಸೊಸೆ ಒತ್ತಾಯಿಸಿದಾಗ ಊಟದ ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ ಬೆರಳಿನಿಂದ ಎರಡು ಸಲ ತಟ್ಟಿದರು. ಆಮೇಲೆ ಕೈ ನಿಲ್ಲಿಸಿ ಮೊಮ್ಮಗಳ ಕಡೆ ತಿರುಗಿ, "ಹೋಗು ಬೇಟಾ, ಮುಂಬಾಗಿಲು ಹಾಕಿದೆಯಾ ನೋಡಿ ಬಾ" ಎಂದರು.